ಸೊನ್ನೆಗೆ ಇಳಿಯದ ಪಟ್ಟಿ

ಅವನು ಬಂದವನೇ ಹೆಗಲಿನ ಬಟ್ಟೆ ಚೀಲ ಇಳಿಸಿ ನನ್ನ ಮೇಜಿನ ಮೇಲೆ ಜಲ್ಲಿ ಸುರಿದ.

ಕಟ್ಟಡಕ್ಕೆ ಹಾಕುವ ಜಲ್ಲಿಕಲ್ಲು. ಎರಡು ತುಂಡು ಕೀಬೋರ್ಡಿನ ಮೇಲೆ ಉರುಳಿದವು. ನಾನು ಬರೆಯುತ್ತಿದ್ದ ಸಾಲಿನ ತುದಿಗೆ 'ಮಮಮಮಮ' ಎಂದು ತಾನಾಗಿಯೇ ಅಚ್ಚಾಗುತ್ತ ಹೋಯಿತು.

"ಹಾರ್ಡ್‌ವೇರ್ ಅಂಗಡಿ ಕೆಳಗಡೆ," ಎಂದೆ ಗಾಬರಿಯಿಂದ. "ಇಲ್ಲಿ ಜಲ್ಲಿ ತಗೊಳಲ್ಲ."

"ಮಾರೋಕೆ ಬಂದಿಲ್ಲ ಮೇಡಂ, ತೋರ್ಸೋಕೆ ಬಂದೆ. ನಿಮ್ಮ ಪಟ್ಟೀಲಿರೋ ಮುಕ್ಕಾಲು ಜಲ್ಲಿ ಯಾವ ಸೈಜು, ಕಣ್ಣಾರೆ ತೋರ್ಸಿ ಅಂತ ನಿನ್ನೆ ಫೋನಲ್ಲಿ ಒಬ್ರು ಬೈದ್ರಲ್ಲ, ನೀವೇ ತಾನೆ?"

ನಾನೇ. ಆದರೆ ನಾನು ಬೈದಿರಲಿಲ್ಲ. ಬೈದಿದ್ದೆನೇ? ಅವನೆದುರು ನಿಂತೇ ನಿನ್ನೆಯ ಫೋನನ್ನು ಮೊದಲಿಂದ ಕೊನೆಯವರೆಗೆ ನೆನಪಿಸಿಕೊಂಡೆ. ನನ್ನ ಸ್ವಭಾವವೇ ಅದು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು ನಾನು.

ಅವನು ಮಾತ್ರ ಕೀಲಿಗಳ ಸಂದಿಯಿಂದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ದೊಡ್ಡದರಿಂದ ಚಿಕ್ಕದಕ್ಕೆ, ಸಾಲಾಗಿ ಜೋಡಿಸುತ್ತಿದ್ದ. "ಇದು ಮುಕ್ಕಾಲು. ನೀವು ಇಪ್ಪತ್ತು ಎಂಎಂ ಅಂತೀರ. ಇದು ಅರ್ಧಿಂಚು. ಇದು ಬೇಬಿ."

ಬೇಬಿ ಜಲ್ಲಿ ಎನ್ನುವುದು ನಮ್ಮ ಕಡೆ ಗಾರೆ ಕೆಲಸದವರೆಲ್ಲ ಆಡುವ ಮಾತು. ಅಪ್ಪ ಗಾರೆ ಕೆಲಸದವರಾದ್ದರಿಂದ ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೆ ಅದನ್ನು ಹೇಳುವಾಗ ಕಲ್ಲನ್ನು ನೋಡಬೇಕು. ಅವನು ನನ್ನನ್ನು ನೋಡಿದ. ನೋಡಿದ್ದು ಒಂದೇ ಕ್ಷಣ. ಕೂಡಲೇ ತಪ್ಪು ಮಾಡಿದವನಂತೆ ಕಲ್ಲಿನ ಕಡೆ ತಿರುಗಿಕೊಂಡ. ಅವನ ಕಿವಿ ಕೆಂಪಾಗಿದ್ದು ನನಗೆ ಕಾಣಿಸಿತು.

"ಮುಕ್ಕಾಲು, ಇಪ್ಪತ್ತು ಎಂಎಂ: ಎರಡೂ ಒಂದೇ," ಎಂದು ಪರದೆಯ ಮೇಲೆ ಬರೆದೆ. ಗೊತ್ತಿಲ್ಲದೆ ಎರಡು ಸಲ ಬರೆದೆ.

*

ನಮ್ಮ ಕಂಟ್ರಾಕ್ಟರ್ ಚಂದ್ರಶೇಖರ್ ಸರ್‌ಗೆ ಎರಡು ಆಫೀಸು. ಒಂದು ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆ. ಇನ್ನೊಂದು ಟಿ. ನರಸೀಪುರದಲ್ಲಿ. ಎರಡಕ್ಕೂ ಸೇರಿ ಅವರು ಆಗಷ್ಟೇ ಎಸ್ಟಿಮೇಟ್ ಮಾಡುವ ಒಂದು ಸಾಫ್ಟ್‌ವೇರ್ ತಂದಿದ್ದರು. ಪಾಯ ತೆಗೆಯುವುದರಿಂದ ಹಿಡಿದು ಬಾಗಿಲಿನ ಚಿಲಕದವರೆಗೆ ಪ್ರತಿ ಕೆಲಸಕ್ಕೂ ಅದರಲ್ಲಿ ಒಂದು ಕೋಡ್ ಇರಬೇಕು. ಕೋಡ್ ಒತ್ತಿದರೆ ಅಳತೆ, ದರ ಎಲ್ಲ ತಾನಾಗಿ ಬರುತ್ತದೆ. ಒಂದೇ ಕೆಲಸಕ್ಕೆ ಎರಡು ಕೋಡ್ ಇದ್ದರೆ ಒಂದೇ ಗೋಡೆಯನ್ನು ಎರಡು ಸಲ ಕಟ್ಟಿದಂತೆ ಲೆಕ್ಕ ಬಂದು ಕೆಲಸವೇ ಕೈತಪ್ಪುತ್ತದೆ.

ಎರಡೂ ಆಫೀಸಿನ ಹಳೆಯ ಪಟ್ಟಿಗಳನ್ನು ಒಟ್ಟಿಗೆ ಸುರಿದಾಗ ಅಂಥ ಜೋಡಿಗಳು ಆರುನೂರ ನಲವತ್ತು ಬಂದಿದ್ದವು. ಅವನ್ನು ಒಂದೊಂದಾಗಿ ಹುಡುಕಿ ತೆಗೆಯುವುದು ನನ್ನ ಕೆಲಸ. ಇನ್ನೂ ಉಳಿದಿರುವ ಜೋಡಿಗಳ ಲೆಕ್ಕ ಕೊಡಲು ಸಾಫ್ಟ್‌ವೇರಿನಲ್ಲೇ 'ಡೂಪ್ಲಿಕೇಟ್ ರಿಪೋರ್ಟ್' ಎಂಬ ಗುಂಡಿಯಿತ್ತು. ದಿನಾ ಸಂಜೆ ಅದನ್ನು ಒತ್ತಿ, ಬಂದ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಆ ಕೋಣೆಗೆ ಕಿಟಕಿ ಇತ್ತು. ತೆರೆದರೆ ಒಂದು ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ, ಗಿಲಾವು ಮಾಡದೆ ಬಿಟ್ಟ ಸಿಮೆಂಟ್ ಇಟ್ಟಿಗೆ. ಎರಡು ವರ್ಷ ಆ ಗೋಡೆಯನ್ನೇ ನೋಡಿದ್ದೇನೆ. ಎಷ್ಟು ಇಟ್ಟಿಗೆ ಎಂದು ಬಾಯಿಪಾಠ ಹೇಳಬಲ್ಲೆ.

ಬಾಗಿಲ ಪಕ್ಕದಲ್ಲಿ ಚಂದ್ರಶೇಖರ್ ಸರ್ ಅವರ ಮೇಜು. ಅದರ ಕೆಳಗಿನ ಡ್ರಾಯರಿನಲ್ಲಿ ನನ್ನ ಅಸಲು ಮಾರ್ಕ್ಸ್ ಕಾರ್ಡುಗಳು. ಕೆಲಸಕ್ಕೆ ಸೇರಿದ ದಿನ "ಸೇಫಾಗಿರ್ಲಿ" ಎಂದು ತೆಗೆದಿಟ್ಟುಕೊಂಡಿದ್ದರು. ಹಗಲು ಸಿಮೆಂಟ್ ಅಂಗಡಿಯಲ್ಲಿ ಬಿಲ್ ಬರೆದು, ಸಂಜೆ ರೈಲಿನಲ್ಲಿ ಮೈಸೂರಿಗೆ ಹೋಗಿ, ಸಂಜೆ ಪಾಲಿಟೆಕ್ನಿಕ್‌ನಲ್ಲಿ ನಾಲ್ಕು ವರ್ಷ ಓದಿ ಗಳಿಸಿದ ಸಿವಿಲ್ ಡಿಪ್ಲೊಮಾ. ಅದು ಡ್ರಾಯರಿನೊಳಗೆ ಬಿದ್ದ ಮೇಲೆ ಡ್ರಾಯರಿನದೇ ಆಗಿಹೋಯಿತು.

ಜಲ್ಲಿ ಸುರಿದ ಆ ವಾರವೇ ನನಗೊಂದು ಪತ್ರ ಬಂದಿತ್ತು. ಸರ್ಕಾರಿ ಜೂನಿಯರ್ ಇಂಜಿನಿಯರ್ ಕೆಲಸಕ್ಕೆ ನನ್ನ ಹೆಸರು ಪಟ್ಟಿಯಲ್ಲಿದೆ, ಮುಂದಿನ ತಿಂಗಳು ಇಪ್ಪತ್ತನಾಲ್ಕು, ಸೋಮವಾರ, ಮೈಸೂರಿನಲ್ಲಿ ದಾಖಲೆ ಪರಿಶೀಲನೆ. ಅಸಲು ಮಾರ್ಕ್ಸ್ ಕಾರ್ಡ್ ತರದವರ ಹೆಸರು ತೆಗೆಯಲಾಗುವುದು.

ಪತ್ರದ ವಿಷಯ ಹೇಳದೆ ಸರ್ ಅವರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನೋಡಮ್ಮ ಹೇಮಲತಾ, ನಿನಗಿಂತ ಮುಂಚೆ ಮೂರು ಜನ ಹಿಡಿದ ಕೆಲಸಾನ ಅರ್ಧಕ್ಕೆ ಬಿಟ್ಟು ಓಡಿದ್ರು. ರಿಪೋರ್ಟಲ್ಲಿ ಸೊನ್ನೆ ತೋರ್ಸು. ಆ ದಿನ ನಾನೇ ಕೈಯಾರೆ ಕೊಡ್ತೀನಿ."

ಸೊನ್ನೆ. ನನಗೆ ಬೇಕಾಗಿದ್ದುದು ಅಷ್ಟೇ.

*

ನರಸೀಪುರದ ಪಟ್ಟಿಯನ್ನು ಅರ್ಥ ಮಾಡಿಸಲು ಅವನನ್ನು ಸೋಮವಾರ, ಬುಧವಾರ, ಶನಿವಾರ ಕಳಿಸುವುದೆಂದಾಯಿತು. ಹೆಸರು ಪುಟ್ಟರಾಜು. ಊರು ಹೆಮ್ಮಿಗೆ. ಆ ಆಫೀಸಿನಲ್ಲಿ ಡ್ರಾಯಿಂಗ್ ಮಾಡುವವನು. ಆರಡಿ ಎತ್ತರ.

"ಪುಟ್ಟರಾಜು ಅಂತ ಯಾರಿಟ್ರು?" ಎಂದು ಎರಡನೇ ದಿನವೇ ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನಮ್ಮಜ್ಜನ ಹೆಸರು. ಅವರು ಇನ್ನೂ ಉದ್ದ ಇದ್ರಂತೆ." ನಗದೆ ಹೇಳಿದ. ನಗು ಕಣ್ಣಿನ ಮೂಲೆಯಲ್ಲಿ ಮಾತ್ರ ಇತ್ತು.

ಅವರ ಪಟ್ಟಿ ನೋಡಿ ನನಗೆ ತಲೆ ತಿರುಗಿತು. ನಮ್ಮದು ಕೆಲಸದ ಕ್ರಮದಲ್ಲಿ: ಮಣ್ಣು ಒಂದು, ಕಲ್ಲು ಎರಡು, ಇಟ್ಟಿಗೆ ಮೂರು. ಅವರದರಲ್ಲಿ 'ಮಾದಪ್ಪ-3', 'ದೇವರಾಜು-7', 'ಚನ್ನಬಸಮ್ಮ-1'.

"ಇವರೆಲ್ಲ ಯಾರು?"

"ಮೇಸ್ತ್ರಿಗಳು. ಯಾವ ಕೆಲಸ ಯಾರು ಚೆನ್ನಾಗಿ ಮಾಡ್ತಾರೋ ಅವರ ಹೆಸರೇ ಕೋಡು. ಸೈಜುಗಲ್ಲು ಕಟ್ಟಡ ಅಂದ್ರೆ ಮಾದಪ್ಪ-3. ಅವರು ತೀರ್ಕೊಂಡು ನಾಕು ವರ್ಷ ಆಯ್ತು. ಆದ್ರೂ ನರಸೀಪುರದಲ್ಲಿ ಕಲ್ಲು ಕಟ್ಟೋದು ಅಂದ್ರೆ ಮಾದಪ್ಪನೇ."

"ಚನ್ನಬಸಮ್ಮ?"

"ಕ್ಯೂರಿಂಗ್. ಗೋಡೆಗೆ ನೀರು ಹಾಕೋದು. ಅವರ ಹಾಗೆ ಮರೀದೆ ಮೂರು ಹೊತ್ತು ನೀರು ಹಾಕೋರು ಬನ್ನೂರಿನವರೆಗೂ ಇಲ್ಲ."

ನನಗೆ ನಗು ಬಂತು. ಆ ಕೋಣೆಯಲ್ಲಿ ನಾನು ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು. ನನ್ನ ನಗುವಿನ ಸದ್ದು ಎದುರಿನ ಗೋಡೆಗೆ ಬಡಿದು ವಾಪಸ್ಸು ಬಂತು. ಅವನು ಕಿಟಕಿಯ ಕಡೆ ನೋಡಿ, "ಈ ಗೋಡೆಗೂ ಒಂದು ಕೋಡ್ ಕೊಟ್ಬಿಡಿ ಮೇಡಂ. ಪಾಪ, ದಿನಾ ನಿಮ್ಮನ್ನ ನೋಡ್ಕೊಂಡು ನಿಂತಿದೆ," ಎಂದ.

"ಅದಕ್ಕೇನು ಹೆಸರಿಡೋದು?"

"ಪುಣ್ಯವಂತ-1."

ತಲೆ ತಗ್ಗಿಸಿ ಮೌಸ್ ಹಿಡಿದುಕೊಂಡೆ. ಮೌಸ್ ಬಿಸಿಯಾಗಿತ್ತೋ ನನ್ನ ಕೈಯೋ ಗೊತ್ತಾಗಲಿಲ್ಲ.

ಆಮೇಲಿಂದ ಅವನು ಬರುವಾಗಲೆಲ್ಲ ಚೀಲದಲ್ಲಿ ಏನಾದರೂ ಇರುತ್ತಿತ್ತು. ಒಡೆದ ಟೈಲ್ಸಿನ ಚೂರು. ಕಾಗದದ ಪೊಟ್ಟಣದಲ್ಲಿ ಎಂ-ಸ್ಯಾಂಡ್. ಒಂದು ದಿನ ಬಾಳೆಲೆಯಲ್ಲಿ ಸುತ್ತಿದ್ದ ಹೊಸ ಬೆಲ್ಲ.

"ಇದು ಯಾವ ಐಟಂ?" ಎಂದೆ.

"ಇದಕ್ಕೆ ಕೋಡಿಲ್ಲ. ನಮ್ಮೂರ ಆಲೆಮನೇದು. ತಿನ್ನೋಕೆ."

ಪತ್ರದ ವಿಷಯ ಅವನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಸರ್ ಕಿವಿಗೆ ಬಿದ್ದರೆ ಎಂಬ ಭಯ ಒಂದು. ಇನ್ನೊಂದನ್ನು ನನಗೆ ನಾನೇ ಒಪ್ಪಿಕೊಂಡಿರಲಿಲ್ಲ: ಹೇಳಿದರೆ 'ಒಳ್ಳೇದಾಯ್ತು, ಹೋಗ್ಬನ್ನಿ' ಎಂದುಬಿಟ್ಟರೆ?

*

ಮೊದಲ ಎರಡು ವಾರ ಸಂಖ್ಯೆ ಸರಸರನೆ ಇಳಿಯಿತು. ಆರುನೂರ ನಲವತ್ತು, ನಾಲ್ಕುನೂರು, ನೂರಾ ಎಪ್ಪತ್ತು, ಅರವತ್ತು. ಆಮೇಲೆ ನಲವತ್ತರ ಹತ್ತಿರ ಬಂದು ನಿಂತುಬಿಟ್ಟಿತು.

ಒಂದು ಸಂಜೆ ಮೂವತ್ತಕ್ಕೆ ಇಳಿಸಿ ಹೋದರೆ ಮಾರನೆಯ ಸಂಜೆ ಮತ್ತೆ ನಲವತ್ತೊಂದು. ನಾನೇ ಒಂದು ಮಾಡಿದ್ದ ಜೋಡಿಗಳ ಪಕ್ಕದಲ್ಲಿ ಮತ್ತೊಂದು ಹುಟ್ಟಿರುತ್ತಿತ್ತು. 'ಬಾಗಿಲು ಚೌಕಟ್ಟು' ಇದ್ದ ಕಡೆ 'ಚೌಕಟ್ಟು, ಬಾಗಿಲಿನದು'.

ನಾನು ಸಾಫ್ಟ್‌ವೇರನ್ನು ಅನುಮಾನಿಸಲಿಲ್ಲ, ಬೇರೆ ಯಾರನ್ನೂ ಅನುಮಾನಿಸಲಿಲ್ಲ. ನನ್ನನ್ನೇ ಅನುಮಾನಿಸಿದೆ. ಸೇವ್ ಮಾಡುವುದನ್ನು ಮರೆತೆನೇ? ತಪ್ಪು ಗುಂಡಿ ಒತ್ತಿದೆನೇ? ಹಗಲು ಕಾಲೇಜಿಗೆ ಹೋದವರಿಗೆ ಗೊತ್ತಿರುವುದು ಏನೋ ನನಗೆ ಗೊತ್ತಿಲ್ಲ ಎಂದುಕೊಂಡೆ. ಒಂದೊಂದು ಕೋಡನ್ನು ಮೂರು ಸಲ ಸೇವ್ ಮಾಡಿದೆ. ಹದಿನಾರು ಎಂಬ ನಮ್ಮೂರಿಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಬಾಗಿಲು ಚೌಕಟ್ಟುಗಳು ಸಾಲಾಗಿ ನಿಲ್ಲುತ್ತಿದ್ದವು. ಬಾಗಿಲು ಮಾತ್ರ ಯಾವುದಕ್ಕೂ ಇರುತ್ತಿರಲಿಲ್ಲ.

"ಯಾಕವ್ವ ಉಣ್ಣಾಕಿಲ್ವ?" ಎಂದರು ಅಪ್ಪ.

"ಕೆಲಸ ಮುಗೀತಿಲ್ಲ ಅಪ್ಪ. ಕಟ್ಟಿದ್ದೆಲ್ಲ ಮತ್ತೆ ನೋಡೋ ಹೊತ್ತಿಗೆ ಬಿದ್ದೋಗಿರುತ್ತೆ."

ಅಪ್ಪ ಮುದ್ದೆ ಮುರಿಯುತ್ತ ಯೋಚಿಸಿದರು. ಮೂವತ್ತೈದು ವರ್ಷ ತೂಕುಗುಂಡು ಹಿಡಿದ ಮನುಷ್ಯ. "ಕಟ್ಟಿದ್ ಗ್ವಾಡೆ ತಾನಾಗಿ ಬೀಳಾಕಿಲ್ಲ ಕಣ್ ಮಗ. ಪಾಯ ಸರ್ಯಾಗಿದ್ರೆ ಯಾರೋ ಕಿತ್ತಾಕ್ತಾವ್ರೆ ಅಂತಾನೆ ಲೆಕ್ಕ."

ಆ ಮಾತನ್ನೂ ನಾನು ನಂಬಲಿಲ್ಲ. ನನ್ನ ಪಾಯವೇ ಸರಿಯಿಲ್ಲ ಎಂದುಕೊಂಡೆ.

ಪರಿಶೀಲನೆಗೆ ಐದು ದಿನ ಉಳಿದಿತ್ತು.

*

ಆ ಬುಧವಾರ ಮಧ್ಯಾಹ್ನ, ಎಂದಿನಂತೆ ಒಂದು ಗಂಟೆಗೆ ಕೆಳಗಿಳಿದು ಕೆಂಪಾಜಮ್ಮನ ಜೊತೆ ಊಟಕ್ಕೆ ಕುಳಿತೆ. ಕೆಂಪಾಜಮ್ಮ ನಮ್ಮ ಆಫೀಸು, ಕೆಳಗಿನ ಅಂಗಡಿ ಎರಡನ್ನೂ ಗುಡಿಸಿ, ಟೀ ಕಾಸಿ ಕೊಡುವವಳು. ಅವಳಿಗೆ ಗೊತ್ತಿಲ್ಲದ ವಿಷಯವಿಲ್ಲ.

"ನಿಮ್ ನರಸೀಪುರದ್ ಉಡ್ಗ ಊಟುಕ್ಕೇ ಓಗಲ್ವಲ್ಲವ್ವ," ಎಂದಳು ಉಪ್ಪಿನಕಾಯಿ ನೆಕ್ಕುತ್ತ.

"ಹೋಟೆಲಿಗೆ ಹೋಗ್ತೀನಿ ಅಂತಾರೆ."

"ಎಲ್ಲಿ ಓಟ್ಲು? ನೀನಿಳಿತಿದ್ದಂಗೆ ನಿನ್ ಕುರ್ಚಿಲಿ ಕುಂತ್ಕತಾನೆ. ಕಸ ಒಡಿಯಾಕ್ ಓದಾಗೆಲ್ಲ ನೋಡಿವ್ನಿ. ನಿನ್ ಕುರ್ಚಿ ಅಂದ್ರೆ ಅಷ್ಟು ಆಸೆ!" ಎಂದು ಮೊಣಕೈಯಿಂದ ನನ್ನನ್ನು ತಿವಿದಳು.

ಮೊದಲು ಮುಖಕ್ಕೆ ಬಿಸಿ ಏರಿತು. ನನ್ನ ಕುರ್ಚಿಯಲ್ಲಿ ಅವನು. ಆಮೇಲೆ ಬಾಯಿಗಿಟ್ಟ ತುತ್ತು ಅಲ್ಲೇ ನಿಂತಿತು.

ನನ್ನ ನೋಟ್‌ಬುಕ್ ತೆಗೆದೆ. ಮಂಗಳವಾರ, ಗುರುವಾರ, ಶುಕ್ರವಾರ ಸಂಖ್ಯೆ ಇಳಿದಿತ್ತು. ಏರಿದ್ದು ಸೋಮವಾರ, ಬುಧವಾರ, ಶನಿವಾರ. ಅವನು ಬಂದ ದಿನಗಳು.

ಡಬ್ಬಿ ಮುಚ್ಚದೆ ಮೆಟ್ಟಿಲು ಹತ್ತಿದೆ.

ಅವನು ನನ್ನ ಕುರ್ಚಿಯಲ್ಲಿದ್ದ. ಪರದೆಯ ಮೇಲೆ 'ಕಿಟಕಿ ಸರಳು' ಎಂಬ ನನ್ನ ಸಾಲಿನ ಕೆಳಗೆ ಅವನ ಎರಡು ಬೆರಳು ನಿಧಾನವಾಗಿ 'ಸರಳು, ಕಿಟಕಿಗೆ' ಎಂದು ಬರೆಯುತ್ತಿದ್ದವು.

"ಎಷ್ಟು?" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ತಾಗಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಮೇಜಿನ ಮೇಲೆ, ಸಾಲಾಗಿ ಕೂತ ಜಲ್ಲಿ ಕಲ್ಲುಗಳ ಪಕ್ಕದಲ್ಲಿ ಇಟ್ಟ.

"ನೂರಾ ಹನ್ನೆರಡು. ಎಲ್ಲ ಬರ್ಕೊಂಡಿದೀನಿ. ಯಾವತ್ತಾದ್ರೂ ನಾನೇ ತೆಗೀಬೇಕು ಅಂತ."

"ಯಾಕೆ?"

"ಪಟ್ಟಿ ಮುಗಿದ್ರೆ ನಾನು ಇಲ್ಲಿಗೆ ಬರೋದು ಬೇಡ ಅಂದಿದ್ರು ಸರ್." ಅವನ ಕಣ್ಣು ಕಲ್ಲುಗಳ ಮೇಲಿತ್ತು. "ವಾರಕ್ಕೆ ಮೂರು ದಿನ. ಅಷ್ಟೇ ಇದ್ದಿದ್ದು. ಮುಗೀದೆ ಇರ್ಲಿ ಅಂತ. ತಪ್ಪು ಅಂತ ಗೊತ್ತಿತ್ತು ಮೇಡಂ. ಆದ್ರೆ ಯಾರಿಗೂ ನಷ್ಟ ಇಲ್ಲ ಅನ್ಕೊಂಡಿದ್ದೆ."

ಯಾವ ಮಾತು ಕೇಳಲು ತಿಂಗಳಿಂದ ಕಾದಿದ್ದೆನೋ ಆ ಮಾತು ಬಂದಿತ್ತು. ನನಗೆ ಬಂದದ್ದು ಅಳು.

"ನನ್ನ ಮಾರ್ಕ್ಸ್ ಕಾರ್ಡು ಆ ಡ್ರಾಯರಲ್ಲಿದೆ," ಎಂದೆ. "ಸೊನ್ನೆ ತೋರ್ಸಿದ್ರೆ ಮಾತ್ರ ಕೊಡ್ತಾರೆ. ಸೋಮವಾರ ಮೈಸೂರಲ್ಲಿ ಪರಿಶೀಲನೆ. ಇಲ್ಲದಿದ್ರೆ ಸರ್ಕಾರಿ ಕೆಲಸ ಹೋಯ್ತು. ನಾನು, ನನಗೇ ತಲೆ ಕೆಟ್ಟಿದೆ ಅನ್ಕೊಂಡಿದ್ದೆ ಪುಟ್ಟರಾಜು. ಸೇವ್ ಮಾಡೋಕೂ ಬರಲ್ವಾ ನಂಗೆ ಅನ್ಕೊಂಡಿದ್ದೆ. ಊಟ ಸೇರ್ತಿರ್ಲಿಲ್ಲ."

ಅವನು ಒಂದು ಹೆಜ್ಜೆ ಮುಂದೆ ಬಂದು ನಿಂತ. ಕೈ ಅರ್ಧ ಎತ್ತಿ ಇಳಿಸಿದ.

"ನಿಮ್ಮನ್ನ ಇಲ್ಲಿ ಕೂಡಿಹಾಕಿದ್ದು ನಾನೇನಾ?" ಎಂದ.

ಎದುರಿನ ಗೋಡೆಯನ್ನು ನೋಡಿದೆ. ಅವನು ಚೀಲ ಬಿಟ್ಟು ಮೆಟ್ಟಿಲಿಳಿದು ಹೋದ.

*

ಗುರುವಾರ ಅವನು ಬರುವ ದಿನವಲ್ಲ. ಆದರೆ ಒಂಬತ್ತು ಗಂಟೆಗೆ ನಾನು ಬಂದಾಗ ಶಟರಿನ ಮುಂದೆ ಮೆಟ್ಟಿಲ ಮೇಲೆ ಕುಳಿತಿದ್ದ.

"ರಜೆ ಹಾಕಿದೀನಿ. ಬೈಯೋದಿದ್ರೆ ಬೈತಾ ಇರಿ, ನಾನು ಓದ್ತಾ ಹೋಗ್ತೀನಿ," ಎಂದು ಪುಟ್ಟ ಪುಸ್ತಕ ತೆರೆದ.

ಅವನು ಓದಿದ, ಇನ್ನೂ ಉಳಿದಿದ್ದನ್ನು ನಾನು ಅಳಿಸಿದೆ. "ಸರಳು, ಕಿಟಕಿಗೆ." ಅಳಿಸಿದೆ. "ಚಪ್ಪಡಿ, ಮೆಟ್ಟಿಲಿನದು." ಅಳಿಸಿದೆ. ಒಂದೊಂದು ಸಾಲು ಹೋದಂತೆ ಅವನ ಧ್ವನಿ ಇಳಿಯುತ್ತ ಹೋಯಿತು. ಒಂದೊಂದೂ ಒಂದೊಂದು ಮಧ್ಯಾಹ್ನವಾಗಿತ್ತು. ಪುಸ್ತಕದಲ್ಲಿ ತಾರೀಖಿನ ಪಕ್ಕ ಏನೇನೋ ಬರೆದಿದ್ದ. ಬಗ್ಗಿ ನೋಡಿದೆ. 'ಹಳದಿ ಚೂಡಿದಾರ್.' 'ತಲೆನೋವು ಅಂದರು.' 'ಬೆಲ್ಲ ತಿಂದರು.'

"ಅದನ್ನ ಓದ್ಬೇಡಿ," ಎಂದು ಅಂಗೈ ಮುಚ್ಚಿದ.

"ಕೋಡ್ ಜೊತೆ ವಿವರ ಇರಬೇಕು ಅಂತ ನಾನೇ ಹೇಳಿದ್ದಲ್ವಾ," ಎಂದೆ. ಸಿಟ್ಟು ಇನ್ನೂ ಇತ್ತು. ಆದರೂ ಅವನ ಬೆರಳ ಸಂದಿಯಿಂದ ಇನ್ನೊಂದು ಸಾಲು ಓದಿಕೊಂಡೆ. 'ನಕ್ಕರು.'

ಆ ದಿನ ನಾವಿಬ್ಬರೂ ಕೂತು ಮಾಡಿದ್ದು ನಮ್ಮನ್ನು ನಾವೇ ದೂರ ಮಾಡಿಕೊಳ್ಳುವ ಕೆಲಸ. ಅಷ್ಟು ಹತ್ತಿರ ನಾವು ಹಿಂದೆಂದೂ ಕೂತಿರಲಿಲ್ಲ.

ಶುಕ್ರವಾರವೂ ಬಂದ. ಸಂಜೆ ಐದಕ್ಕೆ ರಿಪೋರ್ಟ್ ಗುಂಡಿ ಒತ್ತಿದೆ.

ಮೂರು.

ಮತ್ತೆ ಒತ್ತಿದೆ. ಮೂರೇ.

ಅವನು ಸೇರಿಸಿದ್ದರಲ್ಲಿ ಮೂರು ಕೋಡುಗಳನ್ನು ನರಸೀಪುರದವರು ಗೊತ್ತಿಲ್ಲದೆ ಬನ್ನೂರಿನ ಒಂದು ಛತ್ರದ ಎಸ್ಟಿಮೇಟಿಗೆ ಬಳಸಿಬಿಟ್ಟಿದ್ದರು. ಒಮ್ಮೆ ಎಸ್ಟಿಮೇಟಿನೊಳಗೆ ಹೋದ ಕೋಡನ್ನು ಆ ಸಾಫ್ಟ್‌ವೇರ್ ಅಳಿಸಲು ಬಿಡುವುದಿಲ್ಲ. ಎಸ್ಟಿಮೇಟನ್ನೇ ತೆರೆದು ತಿದ್ದಬೇಕು. ತೆರೆಯುವ ಪಾಸ್‌ವರ್ಡ್ ಚಂದ್ರಶೇಖರ್ ಸರ್ ಹತ್ತಿರ ಮಾತ್ರ.

ಪುಟ್ಟರಾಜು ಬಹಳ ಹೊತ್ತು ಆ 'ಮೂರು' ನೋಡಿದ. ಆಮೇಲೆ ಚೀಲ ಹೆಗಲಿಗೇರಿಸಿ, "ನಾಳೆ ಸರ್ ಬರ್ತಾರಲ್ಲ, ನಾನೇ ಮಾತಾಡ್ತೀನಿ. ನೀವು ಏನೂ ಹೇಳ್ಬೇಡಿ," ಎಂದು ಹೊರಟ.

*

ಶನಿವಾರ ಹನ್ನೊಂದಕ್ಕೆ ಸರ್ ಬಂದು ಕುಳಿತರು. ಕೆಂಪಾಜಮ್ಮ ಟೀ ಇಟ್ಟು, ಹೋಗದೆ ಬಾಗಿಲ ಹತ್ತಿರ ಒರೆಸಿದ್ದ ನೆಲವನ್ನೇ ಒರೆಸುತ್ತ ನಿಂತಳು.

"ಡೂಪ್ಲಿಕೇಟ್ ಸೇರ್ಸಿದ್ದು ನಾನು ಸರ್," ಎಂದ ಪುಟ್ಟರಾಜು. "ಅವರದೇನೂ ತಪ್ಪಿಲ್ಲ. ಅವರ ಪಟ್ಟಿ ಮೂರು ವಾರದ ಹಿಂದೆನೇ ಮುಗೀಬೇಕಿತ್ತು."

ಸರ್ ಟೀ ಲೋಟ ಕೆಳಗಿಟ್ಟರು. "ಯಾಕಯ್ಯ? ಯಾರಾದ್ರೂ ಹೇಳ್ಕೊಟ್ರಾ?"

"ಇಲ್ಲ ಸರ್. ಇಲ್ಲಿಗೆ ಬರೋಕೆ."

"ಇಲ್ಲಿಗೆ ಬಂದು ಏನ್ ಮಾಡೋಕೆ?"

ಸರ್ ಅವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನನ್ನ ಮೇಜಿನ ಮೇಲೆ ಸಾಲಾಗಿ ಕೂತಿದ್ದ ಜಲ್ಲಿ, ಟೈಲ್ಸಿನ ಚೂರುಗಳನ್ನು ನೋಡಿದರು. ಬಾಗಿಲ ಹತ್ತಿರ ಕೆಂಪಾಜಮ್ಮ ಕೆಮ್ಮಿದಳು.

"ಓಹೋ," ಎಂದರು ಸರ್.

"ಬನ್ನೂರು ಛತ್ರದ ಎಸ್ಟಿಮೇಟ್ ತೆರೆದು ಕೊಟ್ರೆ ಇವತ್ತೇ ಸೊನ್ನೆ ಮಾಡ್ತೀವಿ ಸರ್."

"ಆಗಲ್ಲ. ಅದು ಪಾರ್ಟಿ ಕೈ ಸೇರಿದೆ. ಅವರು ಹೂಂ ಅನ್ನೋವರ್ಗೂ ಒಂದಕ್ಷರ ಮುಟ್ಟಲ್ಲ. ಎರಡು ತಿಂಗಳಾದ್ರೂ ಬೇಕು."

ನನಗೆ ಗೋಡೆ ಇನ್ನೂ ಒಂದು ಗೇಣು ಹತ್ತಿರ ಬಂದಂತಾಯಿತು. ಬಾಯಿ ತಾನಾಗಿ ತೆರೆಯಿತು. "ಸರ್, ಸೋಮವಾರ ನನಗೆ..." ಎಂದು ಪತ್ರದ ವಿಷಯ ಎಲ್ಲ ಹೇಳಿಬಿಟ್ಟೆ. ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ಸರ್ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಹೋಗ್ತೀಯ ಅಂತ ಗೊತ್ತಿತ್ತು," ಎಂದರು. "ಎಲ್ರೂ ಹೋಗ್ತಾರೆ. ಆ ಮೂರನ್ನ ಆಮೇಲೆ ಯಾರು ನೋಡ್ತಾರೆ? ಪಟ್ಟಿ ಇನ್ಯಾರಿಗೆ ಗೊತ್ತಿದೆ?"

"ನನಗೆ ಗೊತ್ತಿದೆ ಸರ್," ಎಂದ ಪುಟ್ಟರಾಜು.

ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಸರ್ ಮುಂದೆ ಇಟ್ಟ. ಎಸ್ಸೆಸ್ಸೆಲ್ಸಿ, ಐಟಿಐ, ಎಲ್ಲ ಅಸಲು. ಕವರಿನ ಮೇಲೆ ಅವನ ಅಜ್ಜನ ಹೆಸರೇ ಆದ ಅವನ ಹೆಸರು. ಏಳು ವರ್ಷ ನರಸೀಪುರದಲ್ಲಿದ್ದು ಆ ಡ್ರಾಯರಿಗೆ ಬೀಳದೆ ತಪ್ಪಿಸಿಕೊಂಡಿದ್ದವನು ತಾನಾಗಿ ಬಂದು ನಿಂತಿದ್ದ.

"ಅವರದ್ದು ಕೊಟ್ಬಿಡಿ. ನನ್ನದು ಇಟ್ಕೊಳ್ಳಿ. ಸೊನ್ನೆ ಆಗೋವರ್ಗೂ ನಾನು ಆ ಕುರ್ಚಿಲಿ ಕೂತ್ಕೋತೀನಿ."

"ಬೇಡ," ಎಂದೆ ನಾನು.

ಅವನು ಮೊದಲ ಸಲ ನನ್ನನ್ನು ನೇರವಾಗಿ ನೋಡಿದ. ಕಲ್ಲಿನ ಕಡೆಗೆ ತಿರುಗಲಿಲ್ಲ. "ಕಟ್ಟಿದ್ದು ನಾನು ಹೇಮಲತಾ. ಕೂತ್ಕೊಳ್ಳೋನೂ ನಾನೇ ಆಗ್ಬೇಕು."

ಸರ್ ಸೊಂಟದ ಬೀಗದ ಕೈ ತೆಗೆದರು. ಡ್ರಾಯರ್ ತುಕ್ಕಿನ ಸದ್ದು ಮಾಡುತ್ತ ತೆರೆಯಿತು. ನನ್ನ ಕವರ್ ಹೊರಗೆ ಬಂತು; ಅವನದು ಒಳಗೆ ಹೋಯಿತು. ಮತ್ತೆ ಬೀಗ.

"ನಾನೂ ಕೆಟ್ಟವನಲ್ಲಮ್ಮ," ಎಂದರು ಸರ್, ನನ್ನ ಮುಖ ನೋಡದೆ. "ಒಳ್ಳೇದಾಗ್ಲಿ."

ನನ್ನ ಕವರನ್ನು ಎದೆಗವಚಿಕೊಂಡು ನಿಂತೆ. ಎರಡು ವರ್ಷ ಇದೇ ಕ್ಷಣಕ್ಕೆ ಕಾದಿದ್ದೆ. ಮೆಟ್ಟಿಲಿಳಿದು ಓಡುತ್ತೇನೆ ಎಂದುಕೊಂಡಿದ್ದೆ. ಕಾಲು ಕೀಳಲು ಆಗಲಿಲ್ಲ.

*

ಸೋಮವಾರ ಮೈಸೂರಿನಲ್ಲಿ ಉದ್ದದ ಸಾಲು. ಕೌಂಟರಿನಲ್ಲಿದ್ದ ಹೆಂಗಸು ನನ್ನ ಮಾರ್ಕ್ಸ್ ಕಾರ್ಡುಗಳನ್ನು ತಿರುಗಿಸಿ ನೋಡಿ, "ಸಂಜೆ ಕಾಲೇಜಾ? ಕಷ್ಟ ಪಟ್ಟಿದ್ದೀರ," ಎಂದು ಠಸ್ಸೆ ಒತ್ತಿದರು. ಅಷ್ಟೇ. ಇಷ್ಟು ದಿನದ ಭಯ ಒಂದು ಠಸ್ಸೆಯ ಸದ್ದಿನಲ್ಲಿ ಮುಗಿಯಿತು. ಪೋಸ್ಟಿಂಗ್ ಎಲ್ಲಿ ಎಂದು ತಿಂಗಳ ಮೇಲೆ ತಿಳಿಯುತ್ತದಂತೆ.

ವಾಪಸ್ಸು ಬರುವಾಗ ರೈಲಿನ ಕಿಟಕಿಯಿಂದ ಗದ್ದೆಗಳು, ತೆಂಗಿನ ಮರಗಳು, ಖಾಲಿ ಆಕಾಶ. ಕಣ್ಣಿಗೆ ಅಡ್ಡ ಗೋಡೆಯಿಲ್ಲ. ನನಗೆ ಆ ಗೋಡೆಯೇ ನೆನಪಾಗುತ್ತಿತ್ತು. ಈಗ ಅದನ್ನು ನೋಡುತ್ತ ಕೂತಿರುವವರು ಯಾರು ಎಂಬುದು ನೆನಪಾಗುತ್ತಿತ್ತು.

ನಂಜನಗೂಡಿನಲ್ಲಿ ಇಳಿದು ಊರಿನ ಬಸ್ ಹಿಡಿಯಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದೆ.

ಅವನು ನನ್ನ ಕುರ್ಚಿಯಲ್ಲಿ, ಮೊಣಕಾಲು ಮೇಜಿಗೆ ತಾಗುವಂತೆ ಮುದುರಿ ಕುಳಿತಿದ್ದ. ಆ ಕುರ್ಚಿ ನನ್ನ ಎತ್ತರದವರಿಗೆ ಮಾಡಿದ್ದು. ನನ್ನನ್ನು ನೋಡಿ ಎದ್ದು, ತಲೆಯನ್ನು ಟ್ಯೂಬ್‌ಲೈಟಿಗೆ ಬಡಿಸಿಕೊಂಡ.

"ಆಯ್ತಾ?"

"ಆಯ್ತು."

ಅವನು ನಕ್ಕ. ನಗುವ ಪ್ರಯತ್ನ ಅದು. "ಹಂಗಾದ್ರೆ ಇನ್ನು ನೀವು ಇಲ್ಲಿಗೆ ಬರೋದು..."

ನಾನು ಸ್ಟೂಲ್ ಎಳೆದು ಅವನ ಪಕ್ಕದಲ್ಲಿ ಕುಳಿತೆ. ಇಷ್ಟು ದಿನ ಅವನು ಕೂರುತ್ತಿದ್ದ ಸ್ಟೂಲು. "ಎಷ್ಟಿದೆ?"

"ಮೂರೇ."

ಅಭ್ಯಾಸ ಹೋಗುತ್ತದೆಯೇ? ಗುಂಡಿ ಒತ್ತಿದೆ. ನಾಲ್ಕು ಎಂದು ಬಂತು.

ಅವನ ಕಡೆ ತಿರುಗಿದೆ. ಅವನ ಕಿವಿ ಮೊದಲ ದಿನದಷ್ಟೇ ಕೆಂಪಾಗಿತ್ತು.

"ಮಧ್ಯಾಹ್ನ ಸೇರ್ಸಿದೆ," ಎಂದ ಮೆಲ್ಲಗೆ. "ಈಗ ಒಳಗಿರೋದು ನನ್ನ ಕಾರ್ಡು ತಾನೆ, ನಿಮಗೇನೂ ತೊಂದರೆ ಇಲ್ಲ ಅಂತ. ಪಟ್ಟಿ ತಪ್ಪಾದ್ರೆ ನಿಮಗೆ ನಿದ್ದೆ ಬರಲ್ಲ. ಒಂದ್ಸಲನಾದ್ರೂ ನೋಡೋಕೆ ಬರ್ತೀರ ಅಂತ."

ಪರದೆಯಲ್ಲಿ ಆ ನಾಲ್ಕನೆಯದನ್ನು ಹುಡುಕಿದೆ. ನನ್ನ 'ಹೊಸಿಲು' ಇದ್ದ ಸಾಲಿನ ಕೆಳಗೆ, 'ಹೊಸಿಲು, ಮನೆಯದು'.

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ತಪ್ಪು ಕಂಡರೆ ಬಿಡುವವಳಲ್ಲ ನಾನು. ಕೆಳಗಡೆ ಕೆಂಪಾಜಮ್ಮ ಟೀ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

ಬೆರಳು ತೆಗೆದೆ.

"ಇದನ್ನ ಕೊನೇಲಿ ಅಳಿಸ್ತೀನಿ," ಎಂದೆ. "ಬನ್ನೂರಿನವರು ಹೂಂ ಅನ್ನೋವರ್ಗೂ ಭಾನುವಾರ ಭಾನುವಾರ ಬರ್ತೀನಿ, ಪೋಸ್ಟಿಂಗ್ ಎಲ್ಲೇ ಆಗ್ಲಿ. ಆ ಮೂರು ಹೋದ ದಿನ ನೀವು ನಮ್ಮೂರಿಗೆ ಬಂದು ಅಪ್ಪನ ಹತ್ರ ಮಾತಾಡಿ. ಅಪ್ಪ ಹೂಂ ಅಂದ್ರೆ ಅವತ್ತು ಸೊನ್ನೆ ಮಾಡೋಣ."

"ಅಪ್ಪ ಏನ್ ಕೇಳ್ತಾರೆ?"

"ಮುಕ್ಕಾಲು ಜಲ್ಲಿ ಯಾವುದು, ಬೇಬಿ ಜಲ್ಲಿ ಯಾವುದು ಅಂತ ಕೇಳ್ತಾರೆ."

ಅವನು ಮೇಜಿನ ಮೇಲಿನ ಸಾಲಿನಿಂದ ತೀರಾ ಚಿಕ್ಕ ಕಲ್ಲನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಹೆಸರು ಹೇಳಲಿಲ್ಲ. ಈ ಸಲವೂ ಅವನು ಕಲ್ಲನ್ನು ನೋಡುತ್ತಿರಲಿಲ್ಲ.

ನೋಟ್‌ಬುಕ್ ತೆಗೆದು ಆ ದಿನದ ತಾರೀಖಿನ ಮುಂದೆ 'ನಾಲ್ಕು' ಎಂದು ಬರೆದೆ. ಒಂದೇ ಸಲ ಬರೆದೆ. ಸರಿಯಾಗಿದೆಯೇ ಎಂದು ತಿರುಗಿ ನೋಡಲಿಲ್ಲ.